ದೋಣಿಗೆ ಈಸ್ಟ್ ಇಲ್ಲ, ವೆಸ್ಟ್ ಇಲ್ಲ

ಸೇಠರ ಫೋನು ಬಂದಾಗ ನಾನು ಒಂದು ಟ್ಯಾಕ್ಸಿಯ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡಿದ್ದೆ. ಪರೇಲಿನ ಅಂಗಡಿಯಲ್ಲಿ ಕಾರುಗಳಿಗೆ ಸ್ಟೀರಿಯೋ ಜೋಡಿಸುವುದು ನನ್ನ ಕೆಲಸ. ಸೇಠರ ಎರಡು ಕಾರುಗಳಿಗೂ ನಾನೇ ಜೋಡಿಸಿದ್ದೆ. ಈ ಸಲ ಅವರು ದೋಣಿಗೆ ಜೋಡಿಸಬೇಕು ಎಂದರು. ಕಾರಿನಲ್ಲೂ ಹನ್ನೆರಡು ವೋಲ್ಟಿನ ಬ್ಯಾಟರಿ, ದೋಣಿಯಲ್ಲೂ ಹನ್ನೆರಡು ವೋಲ್ಟಿನ ಬ್ಯಾಟರಿ, ನಿನಗೇನು ತೊಂದರೆ ಎಂದು ಅವರೇ ಕೇಳಿದರು. ನನ್ನ ತೊಂದರೆ ವೋಲ್ಟಿನದಲ್ಲ, ನೀರಿನದು. ನಾನು ವಿಜಯಪುರ ಜಿಲ್ಲೆಯವನು. ನಮ್ಮೂರಿನಲ್ಲಿ ಈಜು ಕಲಿಯುವಷ್ಟು ನೀರು ಒಂದೇ ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಸಮುದ್ರವನ್ನು ನೋಡಿದ್ದು ದಡದ ಮೇಲೆ ಕೂತು ಭೇಳ್ ತಿನ್ನುವಾಗ ಮಾತ್ರ. ಆದರೂ ಹೂಂ ಅಂದೆ. ನೀರಿಗೆ ಹೆದರುತ್ತೇನೆ ಎಂದು ಗಿರಾಕಿಗೆ ಹೇಳಲು ನಾಚಿಕೆಯಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಮುಂದಿನ ಅವಾಂತರದಲ್ಲಿ ಅರ್ಧಕ್ಕೆ ಅದೇ ಮೂಲ. ಮುಂಬಯಿಯಲ್ಲಿ ಎಲ್ಲಿರುತ್ತೀರಿ ಎಂದು ಕೇಳಿ ಸುಮ್ಮನಾಗಲು ಬರುವುದಿಲ್ಲ. ಈಸ್ಟಾ ವೆಸ್ಟಾ ಎಂದು ಇನ್ನೊಂದು ಪ್ರಶ್ನೆ ಕೇಳಲೇಬೇಕು. ರೈಲಿನ ಹಳಿ ಪ್ರತಿ ಊರನ್ನೂ ಎರಡು ಹೋಳು ಮಾಡಿದೆ. ನಾನು ಬೊರಿವಲಿ ಈಸ್ಟ್. ಒಮ್ಮೆ ವೆಸ್ಟಿನ ಮದುವೆ ಹಾಲಿಗೆ ಹೋಗುವ ಬದಲು ಅದೇ ಹೆಸರಿನ ಈಸ್ಟಿನ ಹಾಲಿಗೆ ಹೋಗಿ, ಯಾರದೋ ಮದುವೆಯಲ್ಲಿ ಜಿಲೇಬಿ ಉಂಡು, ಉಡುಗೊರೆಯನ್ನೂ ಕೊಟ್ಟು ಬಂದಿದ್ದೇನೆ. ಅಂದಿನಿಂದ ದಿಕ್ಕಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಅಂಗಡಿಗೆ ಕಾರು ಬಂದು ನಿಲ್ಲುವುದು ಯಾವಾಗಲೂ ದಾದರ್ ಕಡೆಗೆ, ಅಂದರೆ ಉತ್ತರಕ್ಕೆ, ಮೂತಿ ಮಾಡಿ. ಹಾಗಾಗಿ ಎಡಗಡೆಯ ಸ್ಪೀಕರಿನ ತಂತಿಗೆ ಬಿಳಿ ಟೇಪು ಸುತ್ತಿ ‘ವೆ’ ಎಂದು ಬರೆಯುತ್ತೇನೆ, ಬಲಗಡೆಯದಕ್ಕೆ ‘ಈ’. ವೆಸ್ಟು, ಈಸ್ಟು. ಇಷ್ಟು ವರ್ಷದಲ್ಲಿ ಒಂದು ತಂತಿಯೂ ಅದಲುಬದಲಾಗಿರಲಿಲ್ಲ. ಸೇಠರು ಮಾತ್ರ ಇದಕ್ಕೆಲ್ಲ ಹೊರತು. ಅವರು ಇರುವುದು ಪವಾಯಿಯ ಕೆರೆಯಂಚಿನ ಟವರಿನಲ್ಲಿ. ಪವಾಯಿಗೆ ಸ್ಟೇಷನ್ನೇ ಇಲ್ಲ, ಆದ್ದರಿಂದ ಈಸ್ಟೂ ಇಲ್ಲ ವೆಸ್ಟೂ ಇಲ್ಲ.

ದೋಣಿ ಗೇಟ್‌ವೇ ಮುಂದಿನ ನೀರಿನಲ್ಲಿ ಒಂದು ತೇಲುವ ಬುರುಡೆಗೆ ಹಗ್ಗದಿಂದ ಕಟ್ಟಿಕೊಂಡು ನಿಂತಿತ್ತು. ಮೂವತ್ತೈದು ಅಡಿ ಉದ್ದ, ಬೆಳ್ಳಗೆ, ಮೈಯೆಲ್ಲ ಫೈಬರ್. ಅಲ್ಲಿಗೆ ಹೋಗಲು ಇನ್ನೊಂದು ಸಣ್ಣ ದೋಣಿ ಹತ್ತಬೇಕು. ಟೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತೆ. ಬ್ಯಾಗಿನಲ್ಲಿ ಇದ್ದದ್ದೆಲ್ಲ ಕಬ್ಬಿಣ, ಬಿದ್ದರೆ ಅದು ನನಗಿಂತ ಮೊದಲು ಮುಳುಗುತ್ತದೆ ಎಂಬುದು ಆಮೇಲೆ ಹೊಳೆಯಿತು.

ದೋಣಿ ನಡೆಸುವವರನ್ನು ಇಲ್ಲಿ ತಾಂಡೇಲ ಅನ್ನುತ್ತಾರೆ. ಈ ತಾಂಡೇಲರು ಮಲ್ಪೆ ಕಡೆಯವರು, ಅರವತ್ತರ ಹತ್ತಿರದವರು, ಮೂವತ್ತು ವರ್ಷದಿಂದ ಮುಂಬಯಿಯ ನೀರಿನ ಮೇಲೆಯೇ ಇದ್ದವರು. ನನ್ನ ಹಿಂದಿಯ ಎರಡು ವಾಕ್ಯ ಕೇಳಿ ನಾನು ಕನ್ನಡದವನೆಂದು ಹಿಡಿದುಬಿಟ್ಟರು. ಖುಷಿಪಟ್ಟರು. ಖುಷಿ ಮುಗಿದ ಮೇಲೆ ಚಪ್ಪಲಿ ಬಿಡಿಸಿದರು. ಆಮೇಲೆ ನಾನು ಸ್ಟೀರಿಂಗಿನ ಹತ್ತಿರ ಹೋಗುತ್ತಿದ್ದಂತೆ ನನ್ನ ಅಂಗಿಯ ಜೇಬಿಗೆ ಬೆರಳು ತೋರಿಸಿದರು.

“ಅದನ್ನು ತೆಗ್ದು ಆಚೆ ಇಡಿ ಮಾರಾಯ್ರೆ. ಕಂಪಾಸಿನ ಹತ್ರ ಕಬ್ಬಿಣ ಬರ್ಬಾರ್ದು.”

ಜೇಬಿನಲ್ಲಿದ್ದದ್ದು ನನ್ನ ಸ್ಕ್ರೂಡ್ರೈವರು. ಸ್ಟೀರಿಂಗಿನ ಮುಂದೆ ಗಾಜಿನ ಬುರುಡೆಯೊಳಗೆ ಎಣ್ಣೆಯಲ್ಲಿ ತೇಲುವ ದಿಕ್ಸೂಚಿ ಇತ್ತು. ಅವರು ಸ್ಕ್ರೂಡ್ರೈವರನ್ನು ಅದರ ಪಕ್ಕ ಹಿಡಿದು ತೋರಿಸಿದರು. ಒಳಗಿನ ಬಿಲ್ಲೆ ಒಂದು ಗೆರೆಯಷ್ಟು ಅಲುಗಿತು. ತುದಿಗೆ ಅಯಸ್ಕಾಂತವಿರುವ ಸ್ಕ್ರೂಡ್ರೈವರು ಅದು, ಬಿದ್ದ ಸ್ಕ್ರೂ ಹೆಕ್ಕಲು ಅನುಕೂಲ. ದಿಕ್ಕು ತೋರಿಸುವ ಜಿಪಿಎಸ್ ಪರದೆಯೊಂದು ಹಿಂದಿನ ಮಳೆಗಾಲದಲ್ಲೇ ಕೆಟ್ಟಿತ್ತಂತೆ. ಸೇಠರು ಹೊಸದು ತರುತ್ತೇನೆಂದರೂ ಇವರು ಬೇಡವೆಂದಿದ್ದರು. ತೆಂಗಿನಕಾಯಿ ಒಡೆಯುವುದು, ಚಪ್ಪಲಿ ಬಿಡಿಸುವುದು, ಕಬ್ಬಿಣ ಬರಬಾರದೆಂಬುದೂ ಅಂಥದ್ದೇ ಒಂದು ಮಡಿ ಎಂದುಕೊಂಡು ನಾನು ಸುಮ್ಮನೆ ತಲೆಯಾಡಿಸಿದೆ.

ಮೊದಲ ದಿನವೇ ದೋಣಿ ನನ್ನ ವಿದ್ಯೆಯನ್ನೆಲ್ಲ ಅಡಿಮೇಲು ಮಾಡಿತು. ಕಾರಿನಲ್ಲಿ ಪಾಸಿಟಿವ್ ತಂತಿಯೊಂದನ್ನು ಎಳೆದರೆ ಸಾಕು, ನೆಗೆಟಿವನ್ನು ಹತ್ತಿರದ ತಗಡಿಗೆ ಕಚ್ಚಿಸಿಬಿಡುತ್ತೇವೆ. ಕಾರಿನ ಮೈಯೇ ವಾಪಸು ದಾರಿ. ಅದಕ್ಕೆ ಅರ್ಥಿಂಗ್ ಅನ್ನುವುದು ಇಂಗ್ಲಿಷ್ ಕಲಿತವರು, ನಮ್ಮ ಗಲ್ಲಿಯಲ್ಲಿ ಬರೀ ‘ಅರ್ಥ’. ದೋಣಿಯಲ್ಲಿ ರೇಲಿಂಗಿನ ಸ್ಕ್ರೂವಿಗೆ ಕಚ್ಚಿಸಿದೆ, ಆಂಪ್ಲಿಫೈಯರಿನ ದೀಪ ಹತ್ತಲಿಲ್ಲ. ಏಣಿಗೆ ಕಚ್ಚಿಸಿದೆ, ಹತ್ತಲಿಲ್ಲ. ಸಿಂಕಿನ ನಲ್ಲಿಗೂ ಕಚ್ಚಿಸಿ ನೋಡಿದೆ. ಕೊನೆಗೆ ತಾಂಡೇಲರನ್ನು ಕೇಳಿದೆ.

“ಯಜಮಾನ್ರ, ಇದರಾಗ ಅರ್ಥ ಎಲ್ಲೈತ್ರಿ?”

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ಬಹಳ ಮರುಕದಿಂದ ನೋಡಿದರು.

“ದೋಣಿಯಲ್ಲಿ ಅರ್ಥ ಹುಡುಕ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ನಾನು ಮೂವತ್ತು ವರ್ಷದಿಂದ ಉಂಟು, ನನಗೇ ಸಿಗ್ಲಿಲ್ಲ.”

ಮಾತು ಸರಿಯೇ ಇತ್ತು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಪ್ರತಿ ಸ್ಪೀಕರಿಗೂ, ಪ್ರತಿ ದೀಪಕ್ಕೂ ಹೋಗುವ ತಂತಿ ಒಂದು, ವಾಪಸು ಬ್ಯಾಟರಿಗೆ ಬರುವ ತಂತಿ ಇನ್ನೊಂದು ಎಳೆಯಬೇಕು. ತಂದ ತಂತಿ ಅರ್ಧಕ್ಕೂ ಸಾಲಲಿಲ್ಲ. ಅದೂ ಸಾದಾ ತಾಮ್ರದ್ದು ನಡೆಯುವುದಿಲ್ಲ, ಉಪ್ಪುಗಾಳಿಗೆ ಹಸಿರುಗಟ್ಟಿ ಪುಡಿಯಾಗುತ್ತದೆ ಎಂದು ತಾಂಡೇಲರೇ ಹಳೆಯ ದೀಪದ ತಂತಿ ಸುಲಿದು ತೋರಿಸಿದರು. ಮರುದಿನ ತವರ ಹಚ್ಚಿದ ತಂತಿಯ ಎರಡು ಸುರುಳಿ ಹೊತ್ತುಕೊಂಡು ಮತ್ತೆ ಬಂದೆ.

ಎರಡನೆಯ ದಿನ ಬೆಳಿಗ್ಗೆ ದೋಣಿಯ ಮೂತಿ ದಾದರ್ ಕಡೆಗಿತ್ತು. ಸೂರ್ಯನನ್ನು ನೋಡಿ ಖಾತ್ರಿ ಮಾಡಿಕೊಂಡೆ. ಒಟ್ಟು ನಾಲ್ಕು ಸ್ಪೀಕರು, ಸ್ಟೀರಿಂಗಿನ ಎರಡು ಪಕ್ಕಕ್ಕೆ ದೊಡ್ಡವು, ಹಿಂದಿನ ಸೀಟುಗಳ ಹತ್ತಿರ ಸಣ್ಣವು. ಎಲ್ಲ ತಂತಿಗಳನ್ನೂ ಎಳೆದು ಆಂಪ್ಲಿಫೈಯರಿನ ಕಡೆಯ ತುದಿಗಳಿಗೆ ‘ಈ’ ‘ವೆ’ ಟೇಪು ಸುತ್ತಿದೆ. ಮುಂದಿನ ಎರಡು ಸ್ಪೀಕರುಗಳ ಕಡೆಯ ತುದಿಗಳಿಗೂ ಸುತ್ತಿ ಜೋಡಿಸಿದೆ. ಅಷ್ಟರಲ್ಲಿ ಊಟದ ಹೊತ್ತಾಯಿತು.

ಊಟಕ್ಕೆ ನನ್ನದು ರೊಟ್ಟಿ, ಶೇಂಗಾ ಹಿಂಡಿ, ಅವರದು ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ತಿನ್ನುತ್ತಾ ಅವರು ಜೇಬಿನಿಂದ ಒಂದು ಕನ್ನಡಕ ತೆಗೆದು ಹಾಕಿಕೊಂಡು ಮೀನಿನ ಮುಳ್ಳು ಆರಿಸತೊಡಗಿದರು. ನಾನು ನೋಡಿದ್ದನ್ನು ನೋಡಿ, ಸೇಠರಿಗೆ ಇದು ಗೊತ್ತಿಲ್ಲ, ಹೇಳಬೇಡಿ ಎಂದರು. ಹತ್ತಿರದ್ದಕ್ಕೆ ಮಾತ್ರ ಕೊಟ್ಟದ್ದು, ದೂರದ ನೋಟ ಗಟ್ಟಿಯಾಗಿದೆಯಂತೆ. ಆದರೆ ತಾಂಡೇಲನ ಮೂಗಿನ ಮೇಲೆ ಕನ್ನಡಕ ಕಂಡರೆ ಮಾಲೀಕರು ಬೇರೆಯವನನ್ನು ಹುಡುಕುತ್ತಾರೆ. ಊರಿನಲ್ಲಿ ಕಿರಿಮಗಳ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಅಲ್ಲಿಯವರೆಗೆ ಈ ಸ್ಟೀರಿಂಗು ಕೈಯಲ್ಲಿದ್ದರೆ ಸಾಕು ಎಂದರು.

ಊಟ ಮುಗಿಸಿ ಹಿಂದಿನ ತಂತಿಗಳ ಇನ್ನೊಂದು ತುದಿಗೂ ಟೇಪು ಸುತ್ತಿ, ಮತ್ತೆ ಸೂರ್ಯನನ್ನು ನೋಡಿ ‘ಈ’ಯನ್ನು ಈಸ್ಟಿನ ಸ್ಪೀಕರಿಗೂ ‘ವೆ’ಯನ್ನು ವೆಸ್ಟಿನದಕ್ಕೂ ಜೋಡಿಸಿ ಹಾಡು ಹಚ್ಚಿದೆ. ಕೊಳಲಿನ ಸದ್ದು ಮುಂದೆ ಎಡಕ್ಕೆ ಬಂತು, ಹಿಂದೆ ಬಲಕ್ಕೆ ಬಂತು. ಬ್ಯಾಲೆನ್ಸಿನ ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಸದ್ದು ದೋಣಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಓಡಿತು. ಒಂದೂವರೆ ತಾಸು ತಂತಿ ಕೀಳುವುದು, ಹಾಕುವುದು ಮಾಡಿದೆ. ಟೇಪುಗಳೆಲ್ಲ ಸರಿಯಾಗಿದ್ದವು. ಈಸ್ಟು ಈಸ್ಟಿಗೇ ಹೋಗಿತ್ತು, ವೆಸ್ಟು ವೆಸ್ಟಿಗೇ ಹೋಗಿತ್ತು. ಬೆವರು ಒರೆಸಿಕೊಳ್ಳುತ್ತಾ ತಲೆಯೆತ್ತಿದೆ. ಬೆಳಿಗ್ಗೆ ನನ್ನ ಎಡಕ್ಕಿದ್ದ ಗೇಟ್‌ವೇ ಬಲಕ್ಕೆ ಬಂದು ನಿಂತಿತ್ತು.

ಹಗ್ಗ ಬಿಚ್ಚಿಕೊಂಡು ಎಲ್ಲಿಗೋ ಹೊರಟಿದ್ದೇವೆ ಎಂದೇ ತಿಳಿದು ತಾಂಡೇಲರನ್ನು ಕೂಗಿದೆ. ಅವರು ನಿಧಾನವಾಗಿ ಬಂದು ನನ್ನ ಟೇಪುಗಳನ್ನು ಓದಿದರು. ಈಸ್ಟು ವೆಸ್ಟು ಎಂದು ನಾನು ವಿವರಿಸಿದ ಮೇಲೆ ಅಲ್ಲೇ ಕೂತು ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಕಟ್ಟಿದ ದೋಣಿ ನೀರಿನ ಸೆಳೆತಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಭರತ ಇಳಿತ ಬದಲಾದಾಗ ಹಗ್ಗದ ಸುತ್ತ ತಿರುಗಿ ಹಿಂದುಮುಂದಾಗುತ್ತದೆ. ನಾನು ರೊಟ್ಟಿ ತಿನ್ನುವಾಗ ನನ್ನ ಈಸ್ಟು ವೆಸ್ಟು ಸದ್ದಿಲ್ಲದೆ ಜಾಗ ಬದಲಿಸಿದ್ದವು.

“ದೋಣಿಗೆ ಬೊರಿವಲಿ ಸ್ಟೇಷನ್ ಇಲ್ಲ ಮಾರಾಯ್ರೆ,” ಎಂದರು. “ಮೂತಿ ಕಡೆ ಮುಖ ಮಾಡಿ ನಿಲ್ಲಿ. ಎಡಗೈ ಎಡ, ಬಲಗೈ ಬಲ. ಅಷ್ಟೇ ಉಂಟು ಇಲ್ಲಿ.”

ಟೇಪುಗಳನ್ನೆಲ್ಲ ಕಿತ್ತು ಹೊಸದಾಗಿ ಎಡ, ಬಲ ಎಂದು ಬರೆದೆ. ಆ ಸೋಲಿನ ಉರಿಯಲ್ಲೇ ಮರುದಿನ ಮುಂದಿನ ಸ್ಪೀಕರುಗಳನ್ನು ಫಲಕಕ್ಕೆ ಬಿಗಿದೆ. ಸ್ಟೀರಿಂಗ್ ಹಿಡಿದಾಗ ಹಾಡು ಎದೆಗೆ ಬಡಿಯಬೇಕು ಎಂಬುದು ಸೇಠರ ಆಸೆ, ಆದ್ದರಿಂದ ಜಾಗ ಅವರೇ ತೋರಿಸಿದ್ದರು. ಬಲಗಡೆಯದು ದಿಕ್ಸೂಚಿಯಿಂದ ಒಂದು ಗೇಣು ದೂರ. ತಾಂಡೇಲರು ಬಂದು ಜಾಲರಿಯನ್ನು ಉಗುರಿನಿಂದ ಬಡಿದು, ಕಬ್ಬಿಣವಾ ಎಂದು ಕೇಳಿದರು. ಪ್ಲಾಸ್ಟಿಕ್ ರೀ ಅಂದೆ. ಸುಳ್ಳಲ್ಲ, ಜಾಲರಿ ಪ್ಲಾಸ್ಟಿಕ್ಕಿನದೇ. ಹಿಂದೆ ಏನಿದೆ ಎಂದು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಾರಿನಲ್ಲಿ ದಿಕ್ಸೂಚಿ ಇರುವುದಿಲ್ಲ. ಕಟ್ಟಿದ ದೋಣಿ ಹೇಗೂ ಸುತ್ತುತ್ತಲೇ ಇರುವುದರಿಂದ ಬಿಲ್ಲೆ ಎತ್ತ ತಿರುಗಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ಸೇಠರು ಎಂಟು ಗೆಳೆಯರನ್ನು ಕರೆತಂದರು. ನೀರಿನ ಆಚೆ ದಡದ ಮಾಂಡ್ವಾಕ್ಕೆ ಹೋಗುವುದು, ಅಲ್ಲಿ ನಾಷ್ಟಾ ಮಾಡುವುದು, ದಾರಿಯುದ್ದಕ್ಕೂ ಹಾಡು. ಆ ಗೆಳೆಯರಲ್ಲಿ ಮೂವರಿಗೆ ಸ್ವಂತ ದೋಣಿಗಳಿದ್ದವು. ಸದ್ದು ಚೆನ್ನಾಗಿ ಬಂದರೆ ಆ ಮೂರರ ಕೆಲಸವೂ ನಿನಗೇ ಎಂದು ಸೇಠರು ಕಿವಿಯಲ್ಲಿ ಹೇಳಿದರು. ಏನಾದರೂ ಕೈಕೊಟ್ಟರೆ ಇರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು.

ಚಳಿಗಾಲದ ಮುಂಬಯಿಯ ಮಬ್ಬು, ಅರ್ಧ ಮಂಜು ಅರ್ಧ ಹೊಗೆ. ಹತ್ತು ನಿಮಿಷದಲ್ಲಿ ಊರು ಕಾಣದಾಯಿತು, ಸೂರ್ಯನೂ ಇಲ್ಲ. ಹಾಡು ಮಾತ್ರ ಬೊಂಬಾಟಾಗಿ ಬರುತ್ತಿತ್ತು. ಗೆಳೆಯರು ಕುಣಿದರು. ನಾನು ರೇಲಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ, ಆದರೂ ಆ ಸದ್ದು ಕೇಳಿ ಹೆಮ್ಮೆಯಾಯಿತು. ತಾಂಡೇಲರು ಎರಡು ಸಲ ಸೇಠರ ಕಡೆ ಬಾಗಿ ಏನೋ ಹೇಳಿದರು, ಹಾಡಿನಲ್ಲಿ ಉಳಿದವರಿಗೆ ಕೇಳಲಿಲ್ಲ. ಅದೇನೆಂದು ಆಮೇಲೆ ನನಗೆ ಹೇಳಿದರು: ಗಾಳಿ ಕಿವಿಯ ಹಿಂದೆ ಹೊಡೆಯಬೇಕಿತ್ತು, ಕೆನ್ನೆಗೆ ಹೊಡೆಯುತ್ತಿದೆ. ಸೇಠರು ದಿಕ್ಸೂಚಿ ತೋರಿಸಿ, ಇದು ಸರಿ ಇದೆಯಲ್ಲ, ನಡೆಸಿ ಎಂದು ಸನ್ನೆ ಮಾಡಿದರು. ಮೂವತ್ತು ವರ್ಷ ನಂಬಿದ ದಿಕ್ಸೂಚಿ. ತಾಂಡೇಲರು ತಮ್ಮ ಕೆನ್ನೆಯನ್ನು ಬಿಟ್ಟು ಅದನ್ನೇ ನಂಬಿದರು.

ಮಾಂಡ್ವಾ ಬರಬೇಕಾದ ಹೊತ್ತಿಗೆ ಮೊದಲು ವಾಸನೆ ಬಂತು. ಆಮೇಲೆ ಮಬ್ಬಿನೊಳಗಿಂದ ಮೀನುಗಾರರ ದೋಣಿಗಳು, ಬಲೆಗಳು, ಕಟ್ಟಿಗೆಯ ಚೌಕಟ್ಟಿನ ಮೇಲೆ ಸಾಲುಸಾಲಾಗಿ ಒಣಗಲು ಹಾಕಿದ ಬೊಂಬಿಲ್ ಮೀನು. ನಾವು ಬಂದದ್ದು ಮೀನುಗಾರರ ಊರು ಕರಂಜಾಕ್ಕೆ. ಸೇಠರ ಎಂಟೂ ಗೆಳೆಯರು ಶುದ್ಧ ಸಸ್ಯಾಹಾರಿಗಳು. ಒಬ್ಬೊಬ್ಬರೇ ಕುಣಿತ ನಿಲ್ಲಿಸಿ ಕರವಸ್ತ್ರ ಹುಡುಕಿದರು. ದಡದಲ್ಲಿ ಮೀನು ಮಾರುವ ಹೆಂಗಸೊಬ್ಬಳು ನಮ್ಮ ಹಾಡಿಗೆ ತಲೆದೂಗಿ, ಎಷ್ಟು ಕಿಲೋ ಬೇಕು ಎಂದು ಕೇಳಿದಳು.

ಸೇಠರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ದಡದ ಕಟ್ಟೆಗೆ ದೋಣಿ ತಾಗಿಸಿದ ಮೇಲೆ ಮೆಲ್ಲನೆಯ ಹಿಂದಿಯಲ್ಲಿ, ವಯಸ್ಸಾಯಿತು ತಾಂಡೇಲ್, ತಪ್ಪು ನಿಮ್ಮದಲ್ಲ, ಈ ಸೀಸನ್ ಮುಗಿದ ಮೇಲೆ ಊರಿಗೆ ಹೋಗಿ ಆರಾಮಾಗಿರಿ ಎಂದರು. ತಾಂಡೇಲರು ಟೋಪಿ ತೆಗೆದು ಸೀಟಿನ ಮೇಲಿಟ್ಟು ನನ್ನ ಪಕ್ಕ ಬಂದು ನಿಂತರು.

“ಕಣ್ಣು ಹೋಯ್ತಾ ಅಂತ ಮಾರಾಯ್ರೆ. ಕಂಪಾಸಿನ ನಂಬರ್ ಸರಿಯೇ ಕಂಡಿತ್ತು ನನಗೆ.”

ಅಷ್ಟು ಹೊತ್ತಿಗೆ ಮಬ್ಬು ಹರಿದು ಸೂರ್ಯ ಕಂಡ. ನಾನು ಈಸ್ಟ್ ವೆಸ್ಟಿನ ಮನುಷ್ಯ, ಸೂರ್ಯ ಕಂಡರೆ ಈಸ್ಟ್ ಯಾವುದು ಎಂದು ನೋಡದೆ ಇರಲಾರೆ. ಬೆಳಗಿನ ಒಂಬತ್ತು ಗಂಟೆಯ ಸೂರ್ಯ, ಬೊರಿವಲಿಯಲ್ಲಾದರೂ ಕರಂಜಾದಲ್ಲಾದರೂ ಈಸ್ಟಿನ ಆಸುಪಾಸಿನಲ್ಲೇ ಇರಬೇಕು. ದಿಕ್ಸೂಚಿಯ ಪ್ರಕಾರ ಅವನು ಹೆಚ್ಚುಕಮ್ಮಿ ದಕ್ಷಿಣಕ್ಕೆ ಹೋಗಿ ನಿಂತಿದ್ದ. ಬಿಲ್ಲೆ ನೋಡಿದೆ, ಸೂರ್ಯನನ್ನು ನೋಡಿದೆ. ಆಮೇಲೆ ಒಂದು ಗೇಣು ದೂರದಲ್ಲಿ ಸೊಗಸಾಗಿ ಹಾಡುತ್ತಿದ್ದ ನನ್ನ ಸ್ಪೀಕರನ್ನು ನೋಡಿದೆ. ಅದರ ಬೆನ್ನಿಗೆ ಅಂಗೈ ಅಗಲದ ಅಯಸ್ಕಾಂತವಿದೆ. ಸ್ಕ್ರೂಡ್ರೈವರಿನ ತುದಿಯಲ್ಲಿದ್ದದ್ದು ಸಾಸಿವೆಯಷ್ಟು.

ಆ ನಿಮಿಷ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಯಾರಿಗೂ ಗೊತ್ತಿಲ್ಲ. ನಾಳೆ ಒಬ್ಬನೇ ಬಂದು, ಸದ್ದು ಸರಿಯಿಲ್ಲವೆಂದು ಹೇಳಿ ಸ್ಪೀಕರನ್ನು ಆಚೆ ಸರಿಸಿದರೆ ಮುಗಿಯಿತು. ಮೂರು ದೋಣಿಗಳೂ ನನ್ನವೇ. ಹೋಗುವುದು ಮುದುಕರೊಬ್ಬರ ಕೆಲಸ ಮಾತ್ರ, ಅದೂ ಸೀಸನ್ ಮುಗಿದ ಮೇಲೆ. ಇಷ್ಟನ್ನೂ ಯೋಚಿಸಿದೆ. ಪಕ್ಕದಲ್ಲಿ ತಾಂಡೇಲರು ದೂರದ ಒಂದು ಬಲೆಯ ಕಡೆ ನೋಡುತ್ತಾ ಒಂದು ಕಣ್ಣು ಮುಚ್ಚಿ, ತೆರೆದು, ಇನ್ನೊಂದು ಮುಚ್ಚಿ ತೆರೆದು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

ಹಾಡು ಬಂದ್ ಮಾಡಿದೆ. ಎಲ್ಲರೂ ತಿರುಗಿ ನೋಡಿದರು. ಬ್ಯಾಗಿನಿಂದ ಅದೇ ಸ್ಕ್ರೂಡ್ರೈವರು ತೆಗೆದು ಜಾಲರಿ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ತಂತಿ ಕಳಚಿ, ಸ್ಪೀಕರನ್ನು ಎರಡೂ ಕೈಯಲ್ಲಿ ಹಿಡಿದು ದೋಣಿಯ ಹಿಂತುದಿಯವರೆಗೆ ನಡೆದೆ. ದಿಕ್ಸೂಚಿಯನ್ನು ನೋಡಿ ಎಂದೆ. ಬಿಲ್ಲೆ ನಿಧಾನವಾಗಿ ತಿರುಗಿತು. ಸ್ಪೀಕರು ಹಿಡಿದು ವಾಪಸು ಬಂದೆ, ಬಿಲ್ಲೆಯೂ ವಾಪಸು ಬಂತು. ಮತ್ತೆ ಹೋದೆ, ಮತ್ತೆ ಬಂದೆ. ನಾನು ಮೂರು ಸಲ ಓಡಾಡುವಾಗ ಎಂಟು ಜನರ ಕರವಸ್ತ್ರ ಹಿಡಿದ ಮೂಗುಗಳು ಬಿಲ್ಲೆಯ ಜೊತೆಗೇ ಅತ್ತಿತ್ತ ತಿರುಗಿದವು. ಎರಡನೆಯ ಸ್ಪೀಕರನ್ನೂ ಬಿಚ್ಚಿ ಹಿಂದಕ್ಕೆ ಒಯ್ದ ಮೇಲೆ ಸೂರ್ಯ ತನ್ನ ಜಾಗಕ್ಕೆ ಬಂದ.

ಸೇಠರಿಗೆ ಹಿಂದಿಯಲ್ಲಿ ಒಪ್ಪಿಕೊಂಡೆ. ದಾರಿ ತಪ್ಪಿಸಿದ್ದು ತಾಂಡೇಲರಲ್ಲ, ನಾನು. ಕಬ್ಬಿಣ ತರಬೇಡ ಎಂದು ಅವರು ಮೊದಲ ದಿನವೇ ಹೇಳಿದ್ದರು, ನಾನು ಅದನ್ನು ಮಡಿ ಅಂದುಕೊಂಡೆ. ಜಾಗ ತೋರಿಸಿದವರು ಸೇಠರೇ ಎಂಬುದನ್ನು ಹೇಳಲಿಲ್ಲ. ಅದು ಅವರಿಗೇ ನೆನಪಾದಂತೆ ಕಂಡಿತು, ಕೆನ್ನೆ ಕೆರೆದುಕೊಂಡರು.

ತಾಂಡೇಲರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ದಿಕ್ಸೂಚಿಯ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

“ಹಾಗಾದ್ರೆ ನನ್ನ ಕಣ್ಣು ಸರಿ ಉಂಟು,” ಎಂದರು. ಮತ್ತೆ ಅದನ್ನೇ ಹೇಳಿದರು, ಈ ಸಲ ತಮಗೆ ಮಾತ್ರ.

ಸೇಠರು ಸೀಟಿನ ಮೇಲಿದ್ದ ಟೋಪಿಯನ್ನು ಎತ್ತಿ ತಾವೇ ಅವರ ಕೈಗೆ ಕೊಟ್ಟರು. ಊರಿಗೆ ಹೋಗುವ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ ಎಂದೇನೂ ಹೇಳಲಿಲ್ಲ. ಮಾಂಡ್ವಾಕ್ಕೆ ನಡೆಸಿ, ಮುಂದಿನ ಸಲ ಗಾಳಿಯ ಮಾತು ನಾನು ಕೇಳುತ್ತೇನೆ ಎಂದರು. ಮಾಂಡ್ವಾದವರೆಗೂ ಹಾಡು ಹಿಂದಿನ ಎರಡು ಸಣ್ಣ ಸ್ಪೀಕರುಗಳಿಂದ ಮೆಲ್ಲಗೆ ಬಂತು. ಎರಡು ದೊಡ್ಡ ಸ್ಪೀಕರುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಹಿಂತುದಿಯಲ್ಲಿ ಕೂತೆ. ದೋಣಿಯಿದ್ದ ಮೂವರಲ್ಲಿ ಇಬ್ಬರು ನನ್ನ ಕಡೆ ನೋಡಲೇ ಇಲ್ಲ. ಮೂರನೆಯವರು ಮಾತ್ರ ಪಕ್ಕಕ್ಕೆ ಬಂದು, ತಮ್ಮ ದೋಣಿಯೂ ವರ್ಷದಿಂದ ಬಲಕ್ಕೆ ಎಳೆಯುತ್ತಿದೆ, ಸ್ಟೀರಿಂಗಿನ ಹತ್ತಿರ ದೊಡ್ಡ ಸ್ಪೀಕರು ಇದೆ, ಬಂದು ತೆಗೆದುಕೊಡುತ್ತೀಯಾ ಎಂದು ಪಿಸುಗುಟ್ಟಿದರು.

ವಾಪಸು ಬರುವಾಗ ಒಂದು ಸಂಗತಿ ಗಮನಿಸಿದೆ. ದಿಕ್ಸೂಚಿಯ ನಂಬರು ಓದುವ ಮುಂಚೆ ತಾಂಡೇಲರು ಜೇಬಿಗೆ ಕೈಹಾಕಿ, ಸೇಠರ ಎದುರಿಗೇ ಕನ್ನಡಕ ತೆಗೆದು ಹಾಕಿಕೊಂಡರು. ಸೇಠರು ನೋಡಿದರು. ಚಹಾ ಕುಡಿಯುತ್ತೀರಾ ತಾಂಡೇಲ್ ಎಂದು ಥರ್ಮಾಸು ಬಿಚ್ಚಿದರು.

ಗೇಟ್‌ವೇ ಮುಂದೆ ದೋಣಿ ಕಟ್ಟಿದ ಮೇಲೆ ಸಣ್ಣ ದೋಣಿಗೆ ಇಳಿಯುವಾಗ ತಾಂಡೇಲರೇ ನನ್ನ ಬ್ಯಾಗು ಹಿಡಿದುಕೊಂಡರು. ಊಟಕ್ಕೆ ಒಮ್ಮೆ ಮನೆಗೆ ಬರ್ರಿ, ದಾರಿ ತಪ್ಪಿಸಿದ್ದಕ್ಕ ನಮ್ಮಾಕಿ ಕೈ ರೊಟ್ಟಿ ಉಣಸ್ತೀನಿ ಎಂದೆ. ಮನೆ ಎಲ್ಲಿ ಎಂದು ಕೇಳಿದರು.

“ಬೊರಿವಲಿ ಈಸ್ಟ್ ರೀ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಸೂರ್ಯನ ಹತ್ರ ಒಮ್ಮೆ ಕೇಳಿ ಹೇಳಿ ಮಾರಾಯ್ರೆ. ನಾನು ಅಷ್ಟು ದೂರ ಬಂದು ಬೇರೆಯವರ ಮನೆಯಲ್ಲಿ ಊಟ ಮಾಡ್ಲಿಕ್ಕೆ ಆಗುದಿಲ್ಲ.”